ಆಕ್ವಾಮ್ಯಾನ್‌ನ ಹಳೆಯ ಕಾಮಿಕ್ಸ್ ಓದೋದು ಹೇಗೆ? ಮೊದಲ ಸಂಚಿಕೆಯಿಂದಂತೂ ಅಲ್ಲ

ಕಳೆದ ಮಳೆಗಾಲದಲ್ಲಿ ಅಕ್ಕನ ಮಗ ನನ್ನ ಮೇಜಿನ ಮೇಲಿದ್ದ ಒಂದು ಹಳೆಯ ಕಾಮಿಕ್ಸ್ ಎತ್ತಿಕೊಂಡ. ಮುಖಪುಟದಲ್ಲಿ ಕಿತ್ತಳೆ ಬಣ್ಣದ ಅಂಗಿ ತೊಟ್ಟ ಹೊಂಬಣ್ಣದ ಕೂದಲಿನವನು.

"ಮಾವ, ಇವನು ಮೀನಿನ ಹತ್ರ ಮಾತಾಡೋನು ಅಲ್ವಾ?"

ಹೌದು ಅಂದೆ.

"ಬಂಗುಡೆ ಹತ್ರ ಏನು ಮಾತಾಡ್ತಾನೆ? ಸಾರಿಗೆ ಬರ್ತೀಯಾ ಅಂತಾನಾ?"

ನಗು ಬಂತು ನಿಜ. ಆದರೆ ಈ ಜೋಕು ಅವನದಲ್ಲ. ಅಮೆರಿಕದ ಡಿಸಿ ಕಂಪನಿಯ ಸಮುದ್ರದ ಸೂಪರ್‌ಹೀರೋ ಆಕ್ವಾಮ್ಯಾನ್ ಬಗ್ಗೆ ಇಡೀ ಜಗತ್ತು ಹೇಳೋದು ಇದೇ ಒಂದು ಜೋಕು. 1973ರಲ್ಲಿ ಅಮೆರಿಕದ ಟಿವಿಯಲ್ಲಿ ಶುರುವಾದ 'ಸೂಪರ್ ಫ್ರೆಂಡ್ಸ್' ಕಾರ್ಟೂನಿನಲ್ಲಿ ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಪಕ್ಕದಲ್ಲಿ ಇವನಿಗೆ ಹೆಚ್ಚು ಕೆಲಸವೇ ಇರುತ್ತಿರಲಿಲ್ಲ. ಕಥೆ ಊರಲ್ಲಿ ನಡೆದರೆ ಸಮುದ್ರದವನು ಏನು ಮಾಡಬೇಕು, ಪಾಪ. ಅದನ್ನು ನೋಡಿ ಬೆಳೆದವರಿಗೆಲ್ಲ ಇವನು ಸುಮ್ನೆ ನಿಂತಿರುವ ಆಸಾಮಿ. 2018ರ ಸಿನಿಮಾ ಬಂದ ಮೇಲೆ ಆ ಮಾತು ಸ್ವಲ್ಪ ಕಡಿಮೆಯಾಯಿತು. ಹಳೆಯ ಕಾಮಿಕ್ಸ್ ಮಾತ್ರ ಇನ್ನೂ ಯಾರೂ ತೆರೆಯದೆ ಕೂತಿವೆ.

ಅವನ್ನು ತೆರೆಯೋದು ಹೇಗೆ ಅಂತ ಹೇಳುವ ಪ್ರಯತ್ನ ಇದು. ನಾನು ಮೊದಲು ತಪ್ಪು ದಾರಿಯಲ್ಲಿ ಹೋಗಿ ಎರಡು ಸಲ ಅರ್ಧಕ್ಕೇ ಬಿಟ್ಟಿದ್ದೆ. ನೀವು ಹಾಗೆ ಮಾಡಬೇಡಿ.

ಮೊದಲ ಹೆಜ್ಜೆ: ಸಂಖ್ಯೆ ಬಿಡಿ, ಚಿತ್ರಕಾರರನ್ನು ಹಿಡಿಯಿರಿ

ಎಲ್ಲರೂ ಮಾಡುವ ತಪ್ಪು ಒಂದೇ. ಮೊದಲ ಕಥೆ ಯಾವುದು ಅಂತ ಹುಡುಕಿ ಅಲ್ಲಿಂದ ಶುರು ಮಾಡೋದು. ಆಕ್ವಾಮ್ಯಾನ್ ಮೊದಲು ಕಾಣಿಸಿಕೊಂಡಿದ್ದು 'ಮೋರ್ ಫನ್ ಕಾಮಿಕ್ಸ್' 73ನೇ ಸಂಚಿಕೆಯಲ್ಲಿ, 1941ರ ನವೆಂಬರ್. ಸೃಷ್ಟಿಸಿದವರು ಮಾರ್ಟ್ ವೈಸಿಂಗರ್ ಮತ್ತು ಪಾಲ್ ನಾರಿಸ್. ಚಿಕ್ಕ ಕಥೆ, ಅವಸರದ ಕಥೆ. ಇತಿಹಾಸಕ್ಕೆ ಬೇಕು, ಆದರೆ ಅಲ್ಲಿಂದ ಶುರು ಮಾಡಿದರೆ ಪ್ರೀತಿ ಹುಟ್ಟೋದು ಕಷ್ಟ.

ಸಮುದ್ರದ ಹೀರೋನನ್ನು ಕಟ್ಟಿದ್ದು ಕಥೆ ಬರೆದವರಿಗಿಂತ ಜಾಸ್ತಿ ನೀರು ಬಿಡಿಸಿದವರು ಅನ್ನೋದು ನನ್ನ ಅಭಿಪ್ರಾಯ. ಮೂರು ಹೆಸರು ನೆನಪಿಟ್ಟುಕೊಳ್ಳಿ: ರಮೋನಾ ಫ್ರಾಡನ್, ನಿಕ್ ಕಾರ್ಡಿ, ಜಿಮ್ ಅಪಾರೋ. ಈ ಮೂವರನ್ನು ಇದೇ ಕ್ರಮದಲ್ಲಿ ಓದಿ. 1941ರ ಕಥೆಯನ್ನು ಅದರ ನಂತರ ಇಟ್ಟುಕೊಳ್ಳಿ.

ಎರಡನೇ ಹೆಜ್ಜೆ: ಪುಸ್ತಕ ಹೊಂದಿಸಿಕೊಳ್ಳೋದು

ಮೂಲ ಸಂಚಿಕೆಗಳನ್ನೇ ಕೊಂಡು ಓದುತ್ತೇನೆ ಅಂತ ಹೊರಟರೆ ಜೇಬು ಖಾಲಿಯಾಗುತ್ತದೆ. ಓದೋಕೆ ಮರುಮುದ್ರಣ ಸಾಕು. 'ಶೋಕೇಸ್ ಪ್ರೆಸೆಂಟ್ಸ್' ಹೆಸರಿನಲ್ಲಿ 2007ರಿಂದ 2009ರ ನಡುವೆ ಮೂರು ದಪ್ಪ ಸಂಪುಟಗಳು ಬಂದವು. 1959ರ ಕಥೆಯಿಂದ ಹಿಡಿದು ಕಾರ್ಡಿಯ 39ನೇ ಸಂಚಿಕೆವರೆಗೆ ಇದರಲ್ಲೇ ಸಿಗುತ್ತದೆ. ಈಗ ಇವು ಹೆಚ್ಚಾಗಿ ಸೆಕೆಂಡ್ ಹ್ಯಾಂಡ್‌ನಲ್ಲೇ ಸಿಗೋದು. ಬೆಂಗಳೂರಿನಲ್ಲಿರುವವರು ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಒಂದು ಸುತ್ತು ಹಾಕಿ. ಸಿಕ್ಕೇ ಸಿಗುತ್ತದೆ ಅಂತ ಹೇಳಲಾರೆ, ಆದರೆ ಖಾಲಿ ಕೈಯಲ್ಲಂತೂ ಬರೋದಿಲ್ಲ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ಸಂಪುಟಗಳು ಕಪ್ಪು ಬಿಳುಪು. ಮೊದಲು ನನಗೂ ಬೇಜಾರಾಗಿತ್ತು. ಸಮುದ್ರದ ಕಥೆಗೆ ನೀಲಿ ಬೇಡವಾ? ಆದರೆ ಬಣ್ಣ ಇಲ್ಲದಿದ್ದಾಗ ಇಂಕಿನ ಗೆರೆ ಎದ್ದು ಕಾಣುತ್ತದೆ. ಕಾರ್ಡಿಯ ಕುಂಚ ಎಲ್ಲಿ ದಪ್ಪವಾಯಿತು, ಎಲ್ಲಿ ಕೂದಲೆಳೆಯಷ್ಟು ಸಣ್ಣಗಾಯಿತು ಅಂತ ಬಣ್ಣದ ಪ್ರತಿಯಲ್ಲಿ ಅಷ್ಟು ಚೆನ್ನಾಗಿ ಗೊತ್ತಾಗೋದಿಲ್ಲ.

ಅಪಾರೋ ಕಾಲದ 40ರಿಂದ 48ರ ಸಂಚಿಕೆಗಳು 'ದಿ ಸರ್ಚ್ ಫಾರ್ ಮೆರಾ' ಅನ್ನೋ ಬಣ್ಣದ ಸಂಪುಟದಲ್ಲಿವೆ. 1970ರ ದಶಕದ ಕಥೆಗಳು 'ದಿ ಡೆತ್ ಆಫ್ ಎ ಪ್ರಿನ್ಸ್'ನಲ್ಲಿ. ಹೊಳಪಿನ ಕಾಗದದಲ್ಲಿ ಮರುಮುದ್ರಣವಾದ ಬಣ್ಣ ಕೆಲವೊಮ್ಮೆ ಕಣ್ಣಿಗೆ ಹೊಡೆಯುತ್ತದೆ. ಆ ಬಣ್ಣಗಳನ್ನು ಆರಿಸಿದ್ದು ಮಂದ ನ್ಯೂಸ್‌ಪ್ರಿಂಟಿಗೆ. ಕಾಗದ ಬಣ್ಣವನ್ನು ಹೀರಿಕೊಳ್ಳುತ್ತದೆ ಅಂತ ಲೆಕ್ಕ ಹಾಕಿಯೇ ಗಾಢವಾಗಿ ಹಾಕುತ್ತಿದ್ದರು. ಟ್ಯಾಬ್ಲೆಟ್‌ನಲ್ಲಿ ಓದುವವರು ಪರದೆಯ ಬೆಳಕು ಸ್ವಲ್ಪ ತಗ್ಗಿಸಿ, ಹಳದಿ ಛಾಯೆ ಇಟ್ಟು ನೋಡಿ. ತುಂಬಾ ವ್ಯತ್ಯಾಸವಾಗುತ್ತದೆ.

ಆದರೂ ಒಂದಾದರೂ ಮೂಲ ಪ್ರತಿ ಕೈಯಲ್ಲಿರಲಿ ಅನ್ನುವ ಆಸೆ ನನಗಿತ್ತು. ಆನ್‌ಲೈನ್‌ನಲ್ಲಿ ಒಬ್ಬರ ಹತ್ತಿರ 1960ರ ದಶಕದ ಒಂದು ಸಂಚಿಕೆ ತರಿಸಿದೆ. ಫೋಟೋದಲ್ಲಿ ಮುಖಪುಟ ಚೆನ್ನಾಗಿತ್ತು. ಬಂದ ಮೇಲೆ ಬಿಡಿಸಿ ನೋಡಿದರೆ ಒಂದು ಜಾಹೀರಾತಿನ ಮೂಲೆಯಲ್ಲಿ ಚೌಕಾಕಾರದ ತೂತು. ಯಾವುದೋ ಊರಿನ ಯಾವುದೋ ಹುಡುಗ ಕತ್ತರಿ ಹಿಡಿದು ಕೂಪನ್ ಕತ್ತರಿಸಿಕೊಂಡಿದ್ದಾನೆ. ಪುಟದ ಹಿಂಬದಿಯಲ್ಲಿದ್ದ ಕಥೆಯ ಚಿತ್ರಚೌಕದ ಅರ್ಧ ಭಾಗವೂ ಅದರ ಜೊತೆ ಹೋಗಿದೆ. ಆಕ್ವಾಮ್ಯಾನ್ ಕೈ ಎತ್ತಿ ಏನೋ ಹೇಳುತ್ತಿದ್ದಾನೆ, ಮಾತಿನ ಬಲೂನು ಅರ್ಧಕ್ಕೇ ತುಂಡಾಗಿದೆ. ಸಿಟ್ಟು ಬಂತು. ಆಮೇಲೆ ಆ ಹುಡುಗನ ಮೇಲೆ ಒಂಥರಾ ಅಕ್ಕರೆಯೂ ಬಂತು.

ಹಾಗಾಗಿ ಕೊಳ್ಳುವ ಮೊದಲು ಮಾರುವವರಿಗೆ ನಾಲ್ಕು ಪ್ರಶ್ನೆ ಕೇಳಿ. ನಡುವಿನ ಹಾಳೆ ಇದೆಯಾ? ಕೂಪನ್ ಕತ್ತರಿಸಿದ್ದಾರಾ? ಪಿನ್ನು ತುಕ್ಕು ಹಿಡಿದಿದೆಯಾ? ಮುಗ್ಗಲು ವಾಸನೆ ಇದೆಯಾ? ಕೊನೆಯ ಪ್ರಶ್ನೆಗೆ ಯಾರೂ ನಿಜ ಹೇಳೋದಿಲ್ಲ. ಆದರೂ ಕೇಳಿ.

ಮೂರನೇ ಹೆಜ್ಜೆ: ಮುಖಪುಟ ಓದೋದು ಕಲಿಯಿರಿ

ರದ್ದಿ ರಾಶಿಯಲ್ಲಿ ಒಂದು ಹಳೆಯ ಅಮೆರಿಕನ್ ಕಾಮಿಕ್ಸ್ ಸಿಕ್ಕಿತು ಅಂದುಕೊಳ್ಳಿ. ಯಾವ ಕಾಲದ್ದು ಅಂತ ಹೇಗೆ ಹೇಳೋದು? ಬೆಲೆ ನೋಡಿ. 10 ಸೆಂಟ್ ಇದ್ದರೆ 1961ರವರೆಗಿನದು. 12 ಸೆಂಟ್ ಇದ್ದರೆ 1960ರ ದಶಕದ್ದು. 15 ಸೆಂಟ್ ಅಂದರೆ 1969ರಿಂದ ಒಂದೆರಡು ವರ್ಷ. ಮೇಲಿನ ಮೂಲೆಯಲ್ಲಿ ಅಂಚೆಚೀಟಿಯಂಥ ಒಂದು ಮುದ್ರೆ ಇರುತ್ತದೆ. ಅದು ಕಾಮಿಕ್ಸ್ ಕೋಡ್‌ನದು. 1954ರಲ್ಲಿ ಪ್ರಕಾಶಕರೇ ಸೇರಿ ಹಾಕಿಕೊಂಡ ನೀತಿ ಸಂಹಿತೆ. ಮುದ್ರೆ ಇದ್ದರೆ ಪುಸ್ತಕ ಅದಕ್ಕಿಂತ ಈಚಿನದು.

ಇನ್ನೊಂದು: ಮುಖಪುಟದಲ್ಲಿರುವ ತಿಂಗಳನ್ನು ನಂಬಬೇಡಿ. ಮೇ ಅಂತ ಇದ್ದರೆ ಅದು ಮಾರ್ಚಿನಲ್ಲೇ ಅಂಗಡಿಗೆ ಬಂದಿರುತ್ತದೆ. ಆ ತಿಂಗಳು ಕಳೆದರೆ ಅಂಗಡಿಯವರು ಹಳೆಯದಾಯಿತು ಅಂತ ತೆಗೆದಿಡುತ್ತಿದ್ದರು. ಜಾಸ್ತಿ ದಿನ ಹಲಗೆಯ ಮೇಲೆ ಇರಲಿ ಅಂತ ಪ್ರಕಾಶಕರು ಮುಂದಿನ ತಿಂಗಳು ಹಾಕುತ್ತಿದ್ದರು.

ನಾಲ್ಕನೇ ಹೆಜ್ಜೆ: ಫ್ರಾಡನ್ ಜೊತೆ ನೀರಿಗೆ ಇಳಿಯಿರಿ

ಶುರು ಮಾಡಬೇಕಾದದ್ದು ಇಲ್ಲಿಂದ. 'ಅಡ್ವೆಂಚರ್ ಕಾಮಿಕ್ಸ್' 260ನೇ ಸಂಚಿಕೆ, ಮೇ 1959. ಬರೆದವರು ರಾಬರ್ಟ್ ಬರ್ನ್‌ಸ್ಟೀನ್, ಚಿತ್ರ ರಮೋನಾ ಫ್ರಾಡನ್. ಅಮೆರಿಕದ ನೌಕಾಪಡೆಯವರು ಸಮುದ್ರದಲ್ಲಿ ಬಾಂಬು ಪರೀಕ್ಷೆಗೆ ಬರುತ್ತಾರೆ. ಕೆಳಗೆ ಮುಳುಗಿದ ನಗರ ಅಟ್ಲಾಂಟಿಸ್ ಇದೆ ಅಂತ ಅವರಿಗೆ ಗೊತ್ತಿಲ್ಲ. ಆಕ್ವಾಮ್ಯಾನ್ ಅಡ್ಡ ಬರುತ್ತಾನೆ. ಯಾಕೆ ಅಂತ ಕೇಳಿದಾಗ ತನ್ನ ಕಥೆ ಹೇಳುತ್ತಾನೆ. ಅಪ್ಪ ಟಾಮ್ ಕರಿ, ಲೈಟ್‌ಹೌಸ್ ಕಾಯುವವನು. ಅಮ್ಮ ಅಟ್ಲಾನಾ, ಅಟ್ಲಾಂಟಿಸ್‌ನಿಂದ ಬಂದವಳು. ಸಾಯುವ ಮುಂಚೆ ಗಂಡ ಮಗನಿಗೆ ಗುಟ್ಟು ಹೇಳುತ್ತಾಳೆ. ಇವತ್ತು ಸಿನಿಮಾದಲ್ಲಿ ನೋಡುವ ಆರ್ಥರ್ ಕರಿಯ (ಆಕ್ವಾಮ್ಯಾನ್‌ನ ನಿಜ ಹೆಸರು ಇದು) ಕಥೆಯ ಬೇರು ಇದೇ. ಬೆರಳೆಣಿಕೆಯ ಪುಟಗಳಲ್ಲಿ ಮುಗಿಯುತ್ತದೆ.

ಮೊದಲ ಸಲ ಕಥೆಗಾಗಿ ಓದಿ. ಎರಡನೇ ಸಲ ಮಾತುಗಳನ್ನು ಬಿಟ್ಟು ಚಿತ್ರ ಮಾತ್ರ ನೋಡಿ. ಫ್ರಾಡನ್ ಗೆರೆ ದುಂಡಗೆ, ಸರಳ. ಹಿನ್ನೆಲೆಯಲ್ಲಿ ಜಾಸ್ತಿ ಏನೂ ಇಲ್ಲ. ನಾಲ್ಕು ಗುಳ್ಳೆ, ಎರಡು ಮೀನು, ಒಂದು ಬಂಡೆ. ಅಷ್ಟರಲ್ಲೇ ನೀವು ನೀರಿನಡಿ ಇದ್ದೀರಿ ಅನ್ನಿಸುತ್ತದೆ. ಅವರ ಮೀನುಗಳಿಗೆ ಮುಖಭಾವ ಇದೆ. ಟೋಪೋ ಅನ್ನುವ ಆಕ್ಟೋಪಸ್ ಅಂತೂ ಮನೆಯ ನಾಯಿಯ ಹಾಗೆ.

ಫ್ರಾಡನ್ 1951ರಿಂದ ಸುಮಾರು ಹತ್ತು ವರ್ಷ ಆಕ್ವಾಮ್ಯಾನ್ ಬಿಡಿಸಿದರು. ಆಗ ಸೂಪರ್‌ಹೀರೋ ಕಾಮಿಕ್ಸ್‌ನಲ್ಲಿ ಹೆಂಗಸರು ಬೆರಳೆಣಿಕೆಯಷ್ಟೂ ಇರಲಿಲ್ಲ. ಅವರು 2024ರ ಫೆಬ್ರವರಿಯಲ್ಲಿ ತೀರಿಕೊಂಡರು, 97 ವರ್ಷ. ಇಷ್ಟು ವರ್ಷ ಮೀನಿನ ಜೋಕು ಹೇಳಿದವರಲ್ಲಿ ಎಷ್ಟು ಜನಕ್ಕೆ ಅವರ ಹೆಸರು ಗೊತ್ತಿತ್ತೋ.

ಇದಾದ ಮೇಲೆ 269ನೇ ಸಂಚಿಕೆ ಓದಿ, ಫೆಬ್ರವರಿ 1960. ಆಕ್ವಾಲ್ಯಾಡ್ ಬರುತ್ತಾನೆ. ನೇರಳೆ ಕಣ್ಣಿನ ಹುಡುಗ. ಅಟ್ಲಾಂಟಿಸ್‌ನವರು ಹೊರಗೆ ಹಾಕಿದ್ದಾರೆ. ಅವನಿಗೆ ಮೀನು ಅಂದರೆ ಹೆದರಿಕೆ! ಸಮುದ್ರದಲ್ಲಿ ಹುಟ್ಟಿ ಮೀನಿಗೆ ಹೆದರುವ ಹುಡುಗನನ್ನು ನೋಡಿ ನಮ್ಮ ಅಕ್ಕನ ಮಗ ಮೊದಲ ಸಲ ಜೋಕು ನಿಲ್ಲಿಸಿ ಪುಟ ತಿರುಗಿಸಿದ. ಮಕ್ಕಳ ಜೊತೆ ಓದುವವರು ಈ ಕಥೆಯನ್ನು ತಪ್ಪಿಸಬೇಡಿ. ಇಂಗ್ಲಿಷ್ ಓದಿ, ಆಮೇಲೆ ಬಲೂನಿನ ಮಾತನ್ನು ನಿಮ್ಮ ಮನೆಯ ಕನ್ನಡದಲ್ಲಿ ಹೇಳಿ. ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲಿ ಓದಿ ಬೆಳೆದವರಿಗೆ ಈ ಕೆಲಸ ಹೊಸದೇನಲ್ಲ. ಫ್ಯಾಂಟಮ್ ಕನ್ನಡ ಮಾತಾಡಿದ ಮೇಲೆ ಇವನೇನು ಮಹಾ.

ಇದೇ ಸಮಯದ ಒಂದು ನಿಯಮ ಗಮನಿಸಿ. ಆಕ್ವಾಮ್ಯಾನ್ ನೀರಿನ ಹೊರಗೆ ಒಂದು ಗಂಟೆ ಮಾತ್ರ ಬದುಕಬಲ್ಲ. ಬರಹಗಾರರಿಗೆ ಇದು ವರವಾಯಿತು. ಎಷ್ಟೋ ಕಥೆಗಳಲ್ಲಿ ಕಳ್ಳರು ಇವನನ್ನು ಒಣನೆಲದಲ್ಲಿ ಕೂಡಿಹಾಕುತ್ತಾರೆ, ಗಡಿಯಾರ ಓಡುತ್ತದೆ, ಎಲ್ಲೋ ಒಂದು ಕಡೆ ನೀರು ಸಿಗುತ್ತದೆ. ಸಿಕ್ಕ ನೀರು ಯಾವುದು ಅಂತ ಪಟ್ಟಿ ಮಾಡುತ್ತಾ ಹೋಗಿ. ಮಜಾ ಇರುತ್ತದೆ.

ಐದನೇ ಹೆಜ್ಜೆ: ಕಾರ್ಡಿಯನ್ನು ಆರಿಸಿ ಓದಿ

1962ರಲ್ಲಿ ಆಕ್ವಾಮ್ಯಾನ್‌ಗೆ ಸ್ವಂತ ಪತ್ರಿಕೆ ಸಿಕ್ಕಿತು. ಮೊದಲ 39 ಸಂಚಿಕೆಗೆ ಚಿತ್ರ ಬರೆದಿದ್ದು ನಿಕ್ ಕಾರ್ಡಿ. ಎಲ್ಲವನ್ನೂ ಓದಲೇಬೇಕು ಅಂತಿಲ್ಲ. ನಿಜ ಹೇಳಬೇಕೆಂದರೆ ಮೊದಲ ಹತ್ತು ಸಂಚಿಕೆಯ ಕಥೆಗಳು ಸಪ್ಪೆ. ಕ್ವಿಸ್ಪ್ ಅನ್ನುವ ಒಂದು ನೀರಿನ ಕುಳ್ಳ ಬರುತ್ತಾನೆ, ನನಗಂತೂ ತಡೆಯೋಕಾಗಲಿಲ್ಲ.

11ನೇ ಸಂಚಿಕೆಯಿಂದ ಹಿಡಿಯಿರಿ, 1963. ಮೆರಾ ಬರುತ್ತಾಳೆ. ಬೇರೆ ಲೋಕದ ರಾಣಿ, ನೀರನ್ನೇ ಗಟ್ಟಿ ಮಾಡಿ ಆಯುಧದಂತೆ ಎಸೆಯಬಲ್ಲವಳು. 18ನೇ ಸಂಚಿಕೆಯಲ್ಲಿ ಇಬ್ಬರಿಗೂ ಮದುವೆ, ಅದೇ ಸಂಚಿಕೆಯಲ್ಲಿ ಆಕ್ವಾಮ್ಯಾನ್ ಅಟ್ಲಾಂಟಿಸ್‌ನ ರಾಜನೂ ಆಗುತ್ತಾನೆ. 23ರಲ್ಲಿ ಮಗು. ಆ ಕಾಲದ ಸೂಪರ್‌ಹೀರೋಗಳು ಸಾಮಾನ್ಯವಾಗಿ ಮದುವೆ ತಪ್ಪಿಸಿಕೊಂಡು ಓಡಾಡುತ್ತಿದ್ದರು. ಇವನು ಮಾತ್ರ ಸಂಸಾರಸ್ಥ. 29ರಲ್ಲಿ ಓಷನ್ ಮಾಸ್ಟರ್, 35ರಲ್ಲಿ ಬ್ಲ್ಯಾಕ್ ಮ್ಯಾಂಟಾ ಬರುತ್ತಾರೆ. ಸಿನಿಮಾ ನೋಡಿದವರಿಗೆ ಈ ಇಬ್ಬರು ಖಳರೂ ಪರಿಚಿತರು.

ಕಾರ್ಡಿಯ ಪುಟದಲ್ಲಿ ಕೂದಲು ನೋಡಿ. ಮೆರಾಳ ಕೂದಲು ನೀರಿನಲ್ಲಿ ಹೇಗೆ ಹರಡುತ್ತದೆ ಅಂತ. ಆಮೇಲೆ ಆಕ್ವಾಮ್ಯಾನ್ ತಲೆ ನೋಡಿ. ಅಷ್ಟು ಆಳದಲ್ಲೂ ಬಾಚಿ ಎಣ್ಣೆ ಹಚ್ಚಿದ ಹಾಗೆ ಕೂತಿರುತ್ತದೆ! ಇಂಥ ಸಣ್ಣ ತಮಾಷೆಗಳು ಕಣ್ಣಿಗೆ ಬೀಳತೊಡಗಿದರೆ ನೀವು ಸರಿಯಾಗಿ ಓದುತ್ತಿದ್ದೀರಿ ಅಂತ ಅರ್ಥ.

ಮೂಲ ಸಂಚಿಕೆ ಸಿಕ್ಕವರು ಜಾಹೀರಾತು ಬಿಡಬೇಡಿ. ಆ ಕಾಲದ ಅಮೆರಿಕನ್ ಕಾಮಿಕ್ಸ್‌ನಲ್ಲಿ 'ಸೀ ಮಂಕೀಸ್' ಜಾಹೀರಾತು ಪ್ರಸಿದ್ಧ. ಚಿತ್ರದಲ್ಲಿ ಕಿರೀಟ ಹೊತ್ತ ಪುಟ್ಟ ಸಮುದ್ರ ಸಂಸಾರ. ಅಂಚೆಯಲ್ಲಿ ಬರುತ್ತಿದ್ದದ್ದು ಉಪ್ಪುನೀರಿನ ಸಣ್ಣ ಸಿಗಡಿಯ ಒಣ ಮೊಟ್ಟೆ. ನನ್ನ ಪ್ರತಿಯಲ್ಲಿ ಕತ್ತರಿ ಹಾಕಿದ ಹುಡುಗ ಅದನ್ನೇ ತರಿಸಿರಬಹುದೇ ಅಂತ ಆಗಾಗ ಅನ್ನಿಸುತ್ತದೆ.

ಆರನೇ ಹೆಜ್ಜೆ: ಅಪಾರೋನ ಒಂಬತ್ತು ಸಂಚಿಕೆ, ಒಂದೇ ಉಸಿರಿಗೆ

1968ರಲ್ಲಿ ಎಲ್ಲ ಬದಲಾಯಿತು. ಚಾರ್ಲ್‌ಟನ್ ಅನ್ನುವ ಸಣ್ಣ ಕಂಪನಿಯಿಂದ ಮೂವರು ಡಿಸಿಗೆ ಬಂದರು. ಸಂಪಾದಕ ಡಿಕ್ ಜಿಯೋರ್ಡಾನೋ, ಬರಹಗಾರ ಸ್ಟೀವ್ ಸ್ಕೀಟ್ಸ್, ಚಿತ್ರಕಾರ ಜಿಮ್ ಅಪಾರೋ. 40ನೇ ಸಂಚಿಕೆಯಲ್ಲಿ ಮೆರಾಳನ್ನು ಯಾರೋ ಹೊತ್ತೊಯ್ಯುತ್ತಾರೆ. ಆಕ್ವಾಮ್ಯಾನ್ ಸಿಂಹಾಸನ ಬಿಟ್ಟು ಹುಡುಕಿಕೊಂಡು ಹೊರಡುತ್ತಾನೆ. ಇತ್ತ ಊರನ್ನು ನೋಡಿಕೊಳ್ಳಲು ಬಿಟ್ಟುಹೋದ ನಾರ್ಕ್ರಾನ್ ಏನು ಮಾಡುತ್ತಾನೆ ಅಂತ ನಾನು ಹೇಳೋದಿಲ್ಲ.

ಒಂದು ಸಂಚಿಕೆಯಲ್ಲಿ ಕಥೆ ಮುಗಿಸುವ ರೂಢಿಯ ಕಾಲ ಅದು. ಇಲ್ಲಿ ಒಂದೇ ಕಥೆ 48ರವರೆಗೆ ನಡೆಯುತ್ತದೆ. ಒಂದು ಭಾನುವಾರ ಬಿಡುವು ಮಾಡಿಕೊಂಡು ಒಟ್ಟಿಗೆ ಓದಿ. ಅಪಾರೋ ನೀರು ಫ್ರಾಡನ್ ನೀರಿನಂತೆ ತಿಳಿಯಲ್ಲ. ಕಪ್ಪು ಜಾಸ್ತಿ. ಚೌಕಗಳು ವಾಲುತ್ತವೆ, ಆಕ್ವಾಮ್ಯಾನ್ ಮೈ ಪುಟದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಚಾಚುತ್ತದೆ. ಫ್ರಾಡನ್ ಕಾಲದ ಆಕ್ವಾಮ್ಯಾನ್ ಮೀನುಗಳನ್ನು ಕರೆದು ಕೆಲಸ ಹೇಳುತ್ತಿದ್ದ. ಇವನು ಸಿಟ್ಟಿನವನು, ಹೆಂಡತಿ ಕಾಣದೆ ಕಂಗಾಲಾದವನು. ಮುಷ್ಟಿಯೇ ಮೊದಲು ಮಾತಾಡುತ್ತದೆ.

ಮೆರಾ ಬಗ್ಗೆ ಒಂದು ದೂರು ನನಗಿದೆ. ನೀರನ್ನೇ ಕಲ್ಲಾಗಿಸುವ ಹೆಂಗಸು ಇಷ್ಟು ಸುಲಭವಾಗಿ ಕೈಗೆ ಸಿಗುತ್ತಾಳಾ? ಆ ಕಾಲದ ಕಾಮಿಕ್ಸ್ ಹೆಂಗಸರನ್ನು ಹೀಗೇ ನಡೆಸಿಕೊಂಡಿತು.

ಏಳನೇ ಹೆಜ್ಜೆ: ಈಗ ಹಿಂದಕ್ಕೆ, 1941ಕ್ಕೆ

ಮೂವರನ್ನು ಓದಿಯಾದ ಮೇಲೆ ಮೊದಲ ಕಥೆಗೆ ಹೋಗಿ. ಆಗ ಅದು ಬೇರೆಯೇ ಕಾಣುತ್ತದೆ. ಅಲ್ಲಿ ಲೈಟ್‌ಹೌಸ್ ಇಲ್ಲ, ಅಟ್ಲಾನಾ ಇಲ್ಲ. ಅಪ್ಪ ಸಮುದ್ರ ಸಂಶೋಧಕ. ಮುಳುಗಿದ ಹಳೆಯ ನಗರವೊಂದರಲ್ಲಿ ಸಿಕ್ಕ ದಾಖಲೆಗಳನ್ನು ಓದಿ ಮಗನಿಗೆ ನೀರಿನಲ್ಲಿ ಉಸಿರಾಡೋದು ಕಲಿಸಿದವನು. ಅಂದರೆ ಮೊದಲ ಆಕ್ವಾಮ್ಯಾನ್ ರಾಜಕುಮಾರನಲ್ಲ, ಓದಿ ಕಲಿತವನು. ನನಗೆ ಇದೇ ಜಾಸ್ತಿ ಇಷ್ಟ. ಎದುರಾಳಿ ಜರ್ಮನ್ ಜಲಾಂತರ್ಗಾಮಿ. ಯುದ್ಧಕಾಲದ ಅಮೆರಿಕನ್ ಕಾಮಿಕ್ಸ್‌ನಲ್ಲಿ ಶತ್ರುಗಳನ್ನು, ಅದರಲ್ಲೂ ಜಪಾನೀಯರನ್ನು ತುಂಬಾ ಕೀಳಾಗಿ ಚಿತ್ರಿಸುತ್ತಿದ್ದರು. ಮಕ್ಕಳ ಕೈಗೆ ಕೊಡುವ ಮುಂಚೆ ನೀವೊಮ್ಮೆ ನೋಡಿಕೊಳ್ಳಿ.

ಪುಸ್ತಕ ಕಾಪಾಡೋದು

ನಮ್ಮ ಕರಾವಳಿಯ ಮಳೆಗಾಲಕ್ಕೆ ಹಳೆಯ ನ್ಯೂಸ್‌ಪ್ರಿಂಟ್ ತಡೆಯೋದಿಲ್ಲ. ಕಾಗದದಲ್ಲೇ ಆಮ್ಲ ಇರುತ್ತದೆ, ಬಿಸಿಲು ತೇವ ಸೇರಿದರೆ ಕಂದಾಗಿ ಹಪ್ಪಳದ ಹಾಗೆ ಮುರಿಯುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಹಿಂದೊಂದು ರಟ್ಟು ಇಟ್ಟು ನೆಟ್ಟಗೆ ನಿಲ್ಲಿಸಿ. ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಹೊಸ ಚಪ್ಪಲಿ ಡಬ್ಬದಲ್ಲಿ ಬರುತ್ತದಲ್ಲ, ಅದೇ. ಹರಿದ ಪುಟಕ್ಕೆ ಸೆಲ್ಲೋಟೇಪ್ ಬೇಡ, ನಾಲ್ಕು ವರ್ಷಕ್ಕೆ ಹಳದಿ ಕಲೆಯಾಗುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ.

ಕೊನೆಯ ಹೆಜ್ಜೆ: ಎರಡು ಸಂಚಿಕೆ ಪಕ್ಕಪಕ್ಕ

ಆಕ್ವಾಮ್ಯಾನ್‌ಗಿಂತ ಎರಡು ವರ್ಷ ಮೊದಲೇ ಇನ್ನೊಬ್ಬ ಸಮುದ್ರದವನು ಬಂದಿದ್ದ. ನೇಮರ್, ಸಬ್‌ಮರಿನರ್. ಬಿಲ್ ಎವರೆಟ್ ಸೃಷ್ಟಿ, 1939. ರೋಮನ್ ಅನ್ನುವ ಇಂಗ್ಲಿಷ್ ಪದವನ್ನು ತಿರುಗಿಸಿ ಬರೆದರೆ ನೇಮರ್. ಕಾಲಿನ ಹರಡಿನಲ್ಲಿ ಪುಟ್ಟ ರೆಕ್ಕೆ, ನೆಲದವರ ಮೇಲೆ ಕೆಂಡದಂಥ ಕೋಪ. 1962ರ 'ಫೆಂಟಾಸ್ಟಿಕ್ ಫೋರ್' 4ನೇ ಸಂಚಿಕೆಯಲ್ಲಿ ಅವನು ನ್ಯೂಯಾರ್ಕಿನ ಒಂದು ಅಗ್ಗದ ವಸತಿಯಲ್ಲಿ, ಗಡ್ಡ ಬಿಟ್ಟು, ತಾನು ಯಾರೆಂದು ಮರೆತು ಬಿದ್ದಿರುತ್ತಾನೆ. ಆ ನಾಲ್ವರ ತಂಡದ ಬೆಂಕಿಯ ಹುಡುಗ ಜಾನಿ ಸ್ಟಾರ್ಮ್ ಬೆರಳಿನ ಬೆಂಕಿಯಿಂದಲೇ ಅವನ ಗಡ್ಡ ತೆಗೆದು ನೀರಿಗೆ ಹಾಕುತ್ತಾನೆ. ನೆನಪು ಬರುತ್ತದೆ. ಊರಿಗೆ ಹೋಗಿ ನೋಡಿದರೆ ಅಣುಬಾಂಬು ಪರೀಕ್ಷೆಗೆ ಎಲ್ಲ ನಾಶವಾಗಿದೆ. 1959ರ ಆಕ್ವಾಮ್ಯಾನ್ ಬಾಂಬು ಪರೀಕ್ಷೆಯನ್ನು ತಪ್ಪಿಸಿದ್ದ, ನೆನಪಿದೆಯಲ್ಲ? ಇವನಿಗೆ ಆ ಅದೃಷ್ಟ ಇರಲಿಲ್ಲ.

ಈಗ ಆಕ್ವಾಮ್ಯಾನ್ 56 ತೆಗೆಯಿರಿ, 1971. ಸ್ಕೀಟ್ಸ್, ಅಪಾರೋ ಜೋಡಿಯದೇ. ಡೆಟ್ರಾಯ್ಟ್ ನಗರದ ಮೇಲೆ ಒಂದು ಉಪಗ್ರಹ ರಾತ್ರಿಯೂ ಬೆಳಕು ಚೆಲ್ಲುತ್ತದೆ, ನೀರಿನಲ್ಲಿ ಪಾಚಿ ಬೆಟ್ಟದಂತೆ ಬೆಳೆಯುತ್ತದೆ. ಕೊನೆಯಲ್ಲಿ ಆಕ್ವಾಮ್ಯಾನ್ ಒಂದು ಗುಂಡಿ ಒತ್ತಿ ಉಪಗ್ರಹ ಸ್ಫೋಟಿಸುತ್ತಾನೆ. ಕಥೆ ದಿಢೀರ್ ಅಂತ ನಿಲ್ಲುತ್ತದೆ. ಪತ್ರಿಕೆಯೂ ಅಲ್ಲಿಗೇ ನಿಂತುಹೋಯಿತು, ಆರು ವರ್ಷ.

ಪಕ್ಕದಲ್ಲಿ 'ಸಬ್‌ಮರಿನರ್' 72 ಇಡಿ, 1974. ಕಂಪನಿ ಬೇರೆ, ಮಾರ್ವೆಲ್. ಹೀರೋ ಬೇರೆ. ಬರೆದವರು ಮಾತ್ರ ಅದೇ ಸ್ಟೀವ್ ಸ್ಕೀಟ್ಸ್. ಶುರುವಿನಲ್ಲೇ ಕೈಗವಸು ತೊಟ್ಟ ಒಂದು ಕೈ ಗುಂಡಿ ಒತ್ತುತ್ತದೆ. ಆಕಾಶದಲ್ಲಿ ಉಪಗ್ರಹ ಸಿಡಿಯುತ್ತದೆ. ಕೈ ಯಾರದು ಅಂತ ಹೇಳಿಲ್ಲ. ಬೇರೆ ಕಂಪನಿಯ ಹೀರೋ, ಹೇಳುವ ಹಾಗೂ ಇಲ್ಲ. ಸಿಡಿದದ್ದು ಬಂದು ನೇಮರ್‌ನ ಸಮುದ್ರಕ್ಕೆ ಬೀಳುತ್ತದೆ. ಅದು ನೇಮರ್ ಪತ್ರಿಕೆಯ ಕೊನೆಯ ಸಂಚಿಕೆ.

ನಾನು ಎರಡನ್ನೂ ಮೇಜಿನ ಮೇಲೆ ಬಿಡಿಸಿಟ್ಟಿದ್ದೆ. ಅಕ್ಕನ ಮಗ ಬಂದು ಆ ಎರಡು ಗುಂಡಿಗಳನ್ನು ಸ್ವಲ್ಪ ಹೊತ್ತು ನೋಡಿದ. "ಮಾವ, ಇದು ಅವನದೇ ಕೈ ಅಲ್ವಾ?" ಅಂದ.